ಮೋಟಾರ್ ಸೈಕಲ್ಲಿನಲ್ಲಿ ಕಿಡಿ ತಪ್ಪಿದಾಗ

ಮೋಟಾರ್ ಸೈಕಲ್ಲಿನ ಎಂಜಿನ್ ಓಡಬೇಕಾದರೆ ಪೆಟ್ರೋಲು ಮತ್ತು ಗಾಳಿಯ ಹದವಾದ ಮಿಶ್ರಣ, ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ ಹಾಗೂ ತಕ್ಕ ಗಳಿಗೆಯಲ್ಲಿ ಹಾರುವ ಕಿಡಿ ಎಂಬ ಮೂರೂ ಕೂಡಿಬರಬೇಕು. ಮೊದಲೆರಡರ ಕೊರತೆ ಬಹುಮಟ್ಟಿಗೆ ಮೂಗಿಗೋ ಕಿಕ್ಕರ್ ತುಳಿಯುವ ಕಾಲಿಗೋ ತಿಳಿದುಬರುತ್ತದೆ. ಮೂರನೆಯದು ಮಾತ್ರ ವೈರುಗಳ ಒಳಗೆ ನಡೆಯುವ ವ್ಯವಹಾರವಾದ್ದರಿಂದ ಅದರ ದುರಸ್ತಿಯಲ್ಲಿ ಊಹೆಗೆ ಹೆಚ್ಚು ಎಡೆ ದೊರೆತು, ಮೊದಲು ಬ್ಯಾಟರಿ, ಆಮೇಲೆ ಕಾಯಿಲ್, ಕೊನೆಗೆ ಕಿಡಿ ಹುಟ್ಟಿಸುವ ಸಿಡಿಐ ಘಟಕ ಎಂದು ಒಂದೊಂದೇ ಬಿಡಿಭಾಗವನ್ನು ಬದಲಿಸುತ್ತ ಹೋಗುವ ಪದ್ಧತಿ ಬೆಳೆದಿದೆ. ಈ ಪದ್ಧತಿಯಿಂದ ದೋಷ ಒಮ್ಮೊಮ್ಮೆ ಸರಿಹೋಗುವುದುಂಟಾದರೂ ಕಾರಣ ತಿಳಿಯುವುದಿಲ್ಲ. ಎಷ್ಟೋ ಸಲ ಹೊಸ ಭಾಗವನ್ನು ಕೂರಿಸುವಾಗ ಹಳೆಯ ಕಪ್ಲರನ್ನು ಬಿಚ್ಚಿ ಮತ್ತೆ ಒತ್ತಿದ್ದರಿಂದಲೇ ಸಂಪರ್ಕ ಮರಳಿ ಬಂದಿರುತ್ತದೆ, ಹಣ ಮಾತ್ರ ಹೊಸ ಭಾಗಕ್ಕೆ ಸಂದಿರುತ್ತದೆ. ದುಬಾರಿ ಪೆಟ್ಟಿಗೆಗಳಿಗಿಂತ ಅವುಗಳನ್ನು ಬೆಸೆಯುವ ಕಪ್ಲರ್, ಅರ್ತ್, ಸ್ವಿಚ್ಚು ಮತ್ತು ತಿರುಪುಗಳಲ್ಲಿಯೇ ದೋಷ ಹೆಚ್ಚಾಗಿ ಅಡಗಿರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡರೆ, ಬ್ಯಾಟರಿಯಿಂದ ಪ್ಲಗ್ಗಿನವರೆಗೆ ವಿದ್ಯುತ್ತು ಹರಿಯುವ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಅಳೆಯುತ್ತ ಹೋಗುವ ಕ್ರಮ ತಾನಾಗಿಯೇ ರೂಪುಗೊಳ್ಳುತ್ತದೆ.

ಇದಕ್ಕೆ ಬೇಕಾದ ಸಲಕರಣೆ ಬಹಳವೇನಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಯಾವುದೇ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್, ಎರಡು ವೈರು ಬೆಸೆದ 12 ವೋಲ್ಟಿನ ಇಂಡಿಕೇಟರ್ ಬಲ್ಬು, ಫೀಲರ್ ಗೇಜ್, ಮರಳು ಕಾಗದ ಮತ್ತು ಆಯಾ ಮಾದರಿಯ ವೈರಿಂಗ್ ನಕ್ಷೆ ಇದ್ದರೆ ಸಾಕು. ಓಮ್ ಎಂಬ ಏಕಮಾನದಲ್ಲಿ ರೋಧವನ್ನು, ಅಂದರೆ ವಿದ್ಯುತ್ ಹರಿವಿಗೆ ವೈರು ಒಡ್ಡುವ ಅಡ್ಡಿಯನ್ನು ಅಳೆಯುವಾಗ ಬ್ಯಾಟರಿಯ ಸಂಪರ್ಕ ತಪ್ಪಿಸಿರಬೇಕು. ಬ್ಯಾಟರಿ ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚುವುದು ಸರಿಯಾದ ರೀತಿ, ಏಕೆಂದರೆ ಧನ ತುದಿಯಲ್ಲಿರುವ ಸ್ಪ್ಯಾನರ್ ಆಕಸ್ಮಿಕವಾಗಿ ಚಾಸಿಗೆ ತಗುಲಿದರೂ ಆಗ ವಿದ್ಯುತ್ ಮಂಡಲ ಪೂರ್ಣಗೊಳ್ಳುವುದಿಲ್ಲ.

ಬ್ಯಾಟರಿ ಮತ್ತು ಅರ್ತ್

ಹನ್ನೆರಡು ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ತಲಾ ಸುಮಾರು 2.1 ವೋಲ್ಟ್ ಕೊಡುವ ಆರು ಕೋಶಗಳಿರುತ್ತವೆ. ಆದ್ದರಿಂದ ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿ ಪಡೆದ ಬ್ಯಾಟರಿಯ ತುದಿಗಳಲ್ಲಿ 12.6 ರಿಂದ 12.8 ವೋಲ್ಟ್ ತೋರಬೇಕು. ಅದು 12.2ಕ್ಕೆ ಇಳಿದಿದ್ದರೆ ಅರ್ಧದಷ್ಟು ಚಾರ್ಜ್ ಮಾತ್ರ ಉಳಿದಿದೆ ಎಂದೂ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ ಎಂದೂ ತಿಳಿಯಬೇಕು. ಆದರೆ ವಿಶ್ರಾಂತಿಯಲ್ಲಿನ ವೋಲ್ಟೇಜ್ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ: ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತ ಹಳೆಯ ಬ್ಯಾಟರಿಯೂ 12.6 ತೋರಿಸಿ, ಸೆಲ್ಫ್ ಸ್ಟಾರ್ಟಿನ ಬಟನ್ ಒತ್ತಿದ ಕೂಡಲೇ 7 ಅಥವಾ 8ಕ್ಕೆ ಕುಸಿಯಬಹುದು. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ತುದಿಗಳಿಗೇ ತಾಗಿಸಿಟ್ಟು ಸೆಲ್ಫ್ ಒತ್ತಿದಾಗ ಸುಮಾರು 9.6 ವೋಲ್ಟಿಗಿಂತ ಕೆಳಗಿಳಿಯದಿದ್ದರೆ ಬ್ಯಾಟರಿ ಕೆಲಸಕ್ಕೆ ಬರುವಂತಿದೆ ಎನ್ನಬಹುದು.

ಈ ಪರೀಕ್ಷೆಯಲ್ಲಿ ಕಡ್ಡಿಗಳನ್ನು ತುದಿಗಳಿಗೆ ಬಿಗಿದ ವೈರಿನ ರಿಂಗಿಗೆ ಇಡದೆ ಸೀಸಕ್ಕೇ ಇಡಬೇಕೆಂಬುದಕ್ಕೆ ಕಾರಣವಿದೆ. ರಿಂಗಿಗೂ ಸೀಸಕ್ಕೂ ನಡುವೆ ಬೆಳೆಯುವ ಬಿಳಿ ಅಥವಾ ಹಸಿರು ಕಿಲುಬು ವಿದ್ಯುತ್ತನ್ನು ಪೂರ್ತಿ ತಡೆಯುವುದಿಲ್ಲ. ಸಣ್ಣ ಹರಿವಿಗೆ ದಾರಿ ಬಿಟ್ಟು ದೊಡ್ಡ ಹರಿವನ್ನು ತಡೆಯುತ್ತದೆ. ಸೆಲ್ಫ್ ಮೋಟಾರಿನಂತೆ ಹತ್ತಾರು ಆಂಪಿಯರ್ ಎಳೆಯುವ ಭಾಗದ ದಾರಿಯಲ್ಲಿ 0.1 ಓಮ್ ರೋಧವೂ ಹಲವು ವೋಲ್ಟುಗಳನ್ನು ನುಂಗಬಲ್ಲುದು. ಅಷ್ಟು ಸಣ್ಣ ರೋಧವನ್ನು ಅಗ್ಗದ ಮೀಟರ್ ಗುರುತಿಸಲಾರದು, ‘ಬೀಪ್’ ಸದ್ದು ಬಂದಿತೆಂದರೆ ಸಂಪರ್ಕ ಸರಿಯಿದೆ ಎಂದು ನಂಬುವ ವಾಡಿಕೆ ಇಲ್ಲಿಯೇ ಮೋಸ ಹೋಗುತ್ತದೆ. ಹೆಡ್‌ಲೈಟನ್ನೇ ತೆಗೆದುಕೊಂಡರೆ, 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 2.9 ಆಂಪಿಯರ್ ಎಳೆಯುತ್ತದೆ. ಅದರ ದಾರಿಯಲ್ಲಿ ಅರ್ಧ ಓಮ್ ರೋಧ ಸೇರಿಕೊಂಡರೆ ಒಂದೂಕಾಲು ವೋಲ್ಟಿಗೂ ಹೆಚ್ಚು ಅಲ್ಲಿಯೇ ಕಳೆದುಹೋಗುತ್ತದೆ, ಮತ್ತು ತಂತಿಯ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹು ವೇಗವಾಗಿ ಕುಂದುವುದರಿಂದ ಹತ್ತರಲ್ಲೊಂದು ಭಾಗ ವೋಲ್ಟೇಜ್ ಇಳಿದರೆ ಬೆಳಕು ಮೂರರಲ್ಲೊಂದು ಭಾಗದಷ್ಟು ಕಡಿಮೆಯಾಗುತ್ತದೆ.

ಆದ್ದರಿಂದ ವೋಲ್ಟೇಜ್ ಕುಸಿತದ ಪರೀಕ್ಷೆ, ಅಂದರೆ ಹೊರೆ ಕೆಲಸ ಮಾಡುತ್ತಿರುವಾಗಲೇ ವೈರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಅಳೆಯುವ ಕ್ರಮ, ಈ ಇಡೀ ವಿದ್ಯೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವಂಥದು. ದುರಸ್ತಿ ಅಂಗಡಿಗಳಲ್ಲಿ ಇದು ವಿರಳವಾಗಿ ಕಾಣುತ್ತದೆ ಎಂಬುದು ವಿಷಾದದ ಸಂಗತಿ. ಹೆಡ್‌ಲೈಟ್ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಹೆಡ್‌ಲೈಟಿನ ಅರ್ತ್ ವೈರಿಗೂ ತಾಗಿಸಿದರೆ ಸೊನ್ನೆಯ ಹತ್ತಿರದ ಅಂಕಿ ಬರಬೇಕು, 0.2 ವೋಲ್ಟ್ ದಾಟಿದರೆ ಮರಳುವ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ ಎಂದರ್ಥ. ಇದೇ ಅಳತೆಯನ್ನು ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಮೈಗೂ ನಡುವೆ ಸೆಲ್ಫ್ ಒತ್ತಿಕೊಂಡು ಮಾಡಬೇಕು. ಆಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಬಣ್ಣ ಬಳಿದ ಚಾಸಿಯ ಮೇಲೆ ಬಿಗಿದ ಅರ್ತ್ ಬೋಲ್ಟನ್ನು ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಲೋಹ ಹೊಳೆಯುವವರೆಗೆ ತಿಕ್ಕಿ, ಮತ್ತೆ ಬಿಗಿದು ಗ್ರೀಸ್ ಹಚ್ಚಬೇಕು. ಒಂದು ಇಂಡಿಕೇಟರ್ ಹಾಕಿದರೆ ಬೇರೆ ದೀಪಗಳೂ ಮಿಣುಕುವುದು, ಬ್ರೇಕ್ ಒತ್ತಿದರೆ ಸ್ಪೀಡೋಮೀಟರಿನ ದೀಪ ಮಸುಕಾಗುವುದು ಮುಂತಾದ ವಿಚಿತ್ರ ವರ್ತನೆಗಳಿಗೆ ಬಹುಶಃ ಎಲ್ಲ ಕಡೆಯೂ ಕೆಟ್ಟ ಅರ್ತ್ ಒಂದೇ ಮೂಲ, ಏಕೆಂದರೆ ತನ್ನ ದಾರಿ ಮುಚ್ಚಿದಾಗ ವಿದ್ಯುತ್ತು ಇನ್ನೊಂದು ಬಲ್ಬಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗೆ ಒಡ್ಡಿಕೊಂಡ ಗಾಡಿಗಳಲ್ಲಿ ಈ ಕೆಲಸವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ದೋಷ ಕಾಣದಿದ್ದರೂ, ಮಾಡಿಡುವುದು ಒಳ್ಳೆಯದು.

ಸೆಲ್ಫ್ ತಿರುಗದಿದ್ದಾಗ ಕೇಳುವ ಸದ್ದೇ ಒಂದು ಸುಳಿವು. ಬಟನ್ ಒತ್ತಿದಾಗ ರಿಲೇ ಒಂದೇ ಸಮನೆ ಟಕಟಕ ಎಂದರೆ ಬ್ಯಾಟರಿ ಸೊರಗಿದೆ ಅಥವಾ ಅದರ ತುದಿ ಸಡಿಲವಿದೆ. ಒಂದೇ ಸಲ ‘ಟಕ್’ ಎಂದು ಸುಮ್ಮನಾದರೆ ರಿಲೇಯ ಒಳಗಿನ ತಾಮ್ರದ ಸಂಪರ್ಕ ಸುಟ್ಟಿದೆ ಅಥವಾ ಸೆಲ್ಫ್ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ. ಸದ್ದೇ ಇಲ್ಲದಿದ್ದರೆ ರಿಲೇಗೆ ಅಪ್ಪಣೆ ತಲುಪಿಲ್ಲವೆಂದು ತಿಳಿದು ಫ್ಯೂಸ್, ಕಿಲ್ ಸ್ವಿಚ್, ಕ್ಲಚ್ ಲಿವರಿನ ಅಡಿಯ ಸ್ವಿಚ್, ನ್ಯೂಟ್ರಲ್ ಮತ್ತು ಸೈಡ್ ಸ್ಟ್ಯಾಂಡ್ ಸ್ವಿಚ್ಚುಗಳನ್ನು ಈ ಕ್ರಮದಲ್ಲಿಯೇ ನೋಡಬೇಕು.

ಚಾರ್ಜಿಂಗ್

ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಬರಿದಾಗುತ್ತಿದ್ದರೆ ದೋಷ ಬ್ಯಾಟರಿಯದಲ್ಲ. ಎಂಜಿನ್ ಓಡುವಾಗ ಕ್ರ್ಯಾಂಕ್ ಶಾಫ್ಟಿನ ತುದಿಯ ಮ್ಯಾಗ್ನೆಟ್ ತಿರುಗಿ, ಅದರೊಳಗೆ ಸ್ಥಿರವಾಗಿರುವ ಸ್ಟೇಟರ್ ಎಂಬ ತಾಮ್ರದ ಸುರುಳಿಗಳ ಗುಂಪಿನಲ್ಲಿ ಪರ್ಯಾಯ ವಿದ್ಯುತ್ತು ಹುಟ್ಟುತ್ತದೆ; ಮೆಕ್ಯಾನಿಕ್ಕುಗಳು ಆರ್‌ಆರ್ ಯೂನಿಟ್ ಎಂದು ಕರೆಯುವ ರೆಕ್ಟಿಫೈಯರ್-ರೆಗ್ಯುಲೇಟರ್ ಅದನ್ನು ನೇರ ವಿದ್ಯುತ್ತಾಗಿಸಿ, ವೋಲ್ಟೇಜನ್ನು ಮಿತಿಯಲ್ಲಿಟ್ಟು ಬ್ಯಾಟರಿಗೆ ಕಳಿಸುತ್ತದೆ. ಎಂಜಿನ್ನನ್ನು ನಿಮಿಷಕ್ಕೆ 4000 ಸುತ್ತಿನ ಆಸುಪಾಸಿನಲ್ಲಿ ಓಡಿಸಿ ಬ್ಯಾಟರಿಯ ತುದಿಗಳಲ್ಲಿ ಅಳೆದಾಗ 13.5 ರಿಂದ 14.8 ವೋಲ್ಟ್ ಇದ್ದರೆ ಎಲ್ಲವೂ ಸರಿ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿ ಬ್ಯಾಟರಿಯನ್ನು ಕುದಿಸುತ್ತಿದೆ. 13ರ ಕೆಳಗೇ ಉಳಿದರೆ ಸ್ಟೇಟರ್, ಆರ್‌ಆರ್ ಯೂನಿಟ್ ಅಥವಾ ಇವೆರಡರ ನಡುವಿನ ಕಪ್ಲರ್ ಕೆಟ್ಟಿದೆ. ಕಂದುಬಣ್ಣಕ್ಕೆ ತಿರುಗಿ ಕರಗಿದ ಪ್ಲಾಸ್ಟಿಕ್ ಕಪ್ಲರ್ ಇಲ್ಲಿ ಬಹು ಪರಿಚಿತ ದೃಶ್ಯವಾದ್ದರಿಂದ ಮೊದಲು ಅದನ್ನೇ ನೋಡಬೇಕು. ಮೂರು ವೈರುಗಳ ಸ್ಟೇಟರ್ ಇದ್ದಲ್ಲಿ ಕಪ್ಲರ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ಎರಡೆರಡು ವೈರುಗಳ ನಡುವೆ ಪರ್ಯಾಯ ವೋಲ್ಟೇಜ್ ಅಳೆದರೆ ಮೂರು ಜೋಡಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು, ವೇಗ ಏರಿದಂತೆ ಅದೂ ಏರಬೇಕು. ಒಂದು ಜೋಡಿ ಹಿಂದೆ ಬಿದ್ದರೆ, ಇಲ್ಲವೇ ಎಂಜಿನ್ ನಿಲ್ಲಿಸಿ ನೋಡಿದಾಗ ಯಾವುದಾದರೂ ವೈರಿಗೂ ಎಂಜಿನ್ ಮೈಗೂ ಸಂಪರ್ಕ ಕಂಡರೆ, ಸುರುಳಿ ಸುಟ್ಟಿದೆ. ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಲು ಓಡುವ ಎಂಜಿನ್ನಿನಲ್ಲಿ ಬ್ಯಾಟರಿಯನ್ನು ಬಿಚ್ಚಿ ನೋಡುವ ಹಳೆಯ ಉಪಾಯವನ್ನು ಇಂದಿನ ಗಾಡಿಗಳಲ್ಲಿ ಎಂದೂ ಪ್ರಯೋಗಿಸಬಾರದು. ಕ್ಷಣಮಾತ್ರ ಏರುವ ವೋಲ್ಟೇಜ್ ಬಲ್ಬುಗಳನ್ನೂ ಎಲೆಕ್ಟ್ರಾನಿಕ್ ಘಟಕವನ್ನೂ ಸುಡಬಲ್ಲುದು.

ಸ್ಪ್ಲೆಂಡರ್‌ನಂತಹ ಹಳೆಯ ಮಾದರಿಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯದೆ ನೇರವಾಗಿ ಸ್ಟೇಟರಿನ ಸುರುಳಿಯಿಂದಲೇ ಉರಿಯುತ್ತಿದ್ದ ಕಾರಣ, ಅಂತಹ ಗಾಡಿಯಲ್ಲಿ ಹೆಡ್‌ಲೈಟ್ ಪ್ರಖರವಾಗಿದೆ ಎಂಬುದರಿಂದ ಬ್ಯಾಟರಿಯ ಆರೋಗ್ಯ ತಿಳಿಯದು, ಹಾರ್ನ್ ಮತ್ತು ಇಂಡಿಕೇಟರುಗಳಿಂದ ಮಾತ್ರ ತಿಳಿಯುತ್ತದೆ. 2017ರ ಏಪ್ರಿಲ್‌ನಿಂದ ಭಾರತದಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯಲೇಬೇಕೆಂಬ ನಿಯಮ ಬಂದ ಮೇಲೆ ಚಾರ್ಜಿಂಗ್ ವ್ಯವಸ್ಥೆಯ ಮೇಲಿನ ನಿರಂತರ ಹೊರೆ ಹೆಚ್ಚಿದೆ, ಅದರ ಮೇಲೆ ಮಾಲೀಕರು ಸೇರಿಸುವ ಫಾಗ್ ಲ್ಯಾಂಪ್, ಜೋಡಿ ಹಾರ್ನ್, ಮೊಬೈಲ್ ಚಾರ್ಜರುಗಳು ಉಳಿದಿದ್ದನ್ನೂ ಕಬಳಿಸುತ್ತವೆ. ಕೀ ತೆಗೆದು ನಿಲ್ಲಿಸಿದ ಗಾಡಿಯಲ್ಲೂ ಬ್ಯಾಟರಿ ಇಳಿಯುತ್ತಿದ್ದರೆ ಋಣ ತುದಿಯ ವೈರು ಬಿಚ್ಚಿ, ಮೀಟರನ್ನು ಆಂಪಿಯರ್ ಮಾಪನಕ್ಕೆ ಹಾಕಿ ತುದಿಗೂ ವೈರಿಗೂ ನಡುವೆ ಸರಣಿಯಾಗಿ ಸೇರಿಸಬೇಕು. ಹಳೆಯ ಸರಳ ಗಾಡಿಯಲ್ಲಿ ಸೊನ್ನೆ, ಡಿಜಿಟಲ್ ಸ್ಪೀಡೋಮೀಟರ್ ಉಳ್ಳದ್ದರಲ್ಲಿ ಕೆಲವೇ ಮಿಲಿ ಆಂಪಿಯರ್ ತೋರಬೇಕು. ಹತ್ತಾರು ಮಿಲಿ ಆಂಪಿಯರ್ ಸೋರುತ್ತಿದ್ದರೆ ಆಮೇಲೆ ಸೇರಿಸಿದ ಅಲಾರಾಂ ಅಥವಾ ಚಾರ್ಜರನ್ನು ಮೊದಲು ಶಂಕಿಸುವುದು ನ್ಯಾಯ. ಮೀಟರ್ ಈ ಸ್ಥಿತಿಯಲ್ಲಿರುವಾಗ ಸೆಲ್ಫ್ ಒತ್ತಿದರೆ ಅದರ ಫ್ಯೂಸ್ ಹಾರಿಹೋಗುತ್ತದೆ.

ಪ್ಲಗ್ಗಿನಿಂದ ಹಿಂದಕ್ಕೆ

ಸೆಲ್ಫ್ ತಿರುಗುತ್ತಿದೆ, ಪೆಟ್ರೋಲೂ ಇದೆ, ಆದರೂ ಎಂಜಿನ್ ಹೊತ್ತಿಕೊಳ್ಳದು ಎಂದಾಗ ಪರೀಕ್ಷೆ ಪ್ಲಗ್ಗಿನಿಂದ ಆರಂಭವಾಗಿ ಹಿಂದಕ್ಕೆ ಸಾಗುತ್ತದೆ. ಪ್ಲಗ್ಗನ್ನು ಬಿಚ್ಚಿ ಅದರ ಮೂತಿ ನೋಡಿದರೆ ಕಂದುಬಣ್ಣ ಆರೋಗ್ಯದ, ಒಣ ಕಪ್ಪು ಮಸಿ ಅತಿಯಾದ ಪೆಟ್ರೋಲಿನ, ಎಣ್ಣೆಯ ಜಿಡ್ಡು ಸವೆದ ಪಿಸ್ಟನ್ ರಿಂಗಿನ, ಪೆಟ್ರೋಲಿನ ತೇವ ಕಿಡಿಯೇ ಇಲ್ಲದಿರುವುದರ ಗುರುತು. ಆರ್‌ಎಕ್ಸ್ 100 ಮತ್ತು ಹಳೆಯ ಯೆಜ್ಡಿಯಂತಹ ಟು ಸ್ಟ್ರೋಕ್ ಗಾಡಿಗಳಲ್ಲಿ ಇಂಗಾಲದ ಎಳೆಯೊಂದು ಎರಡು ಎಲೆಕ್ಟ್ರೋಡುಗಳನ್ನು ಸೇತುವೆಯಂತೆ ಕೂಡಿಸಿ ಕಿಡಿಯನ್ನೇ ನುಂಗಿಬಿಡುವುದೂ ಉಂಟು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ಒತ್ತಿ ಹಿಡಿದು, ಪ್ಲಗ್ಗಿನ ರಂಧ್ರದಿಂದ ಮತ್ತು ಪೆಟ್ರೋಲಿನಿಂದ ದೂರವಿಟ್ಟು ಕಿಕ್ ಮಾಡಿದಾಗ ನೀಲಿಯ ದಪ್ಪ ಕಿಡಿ ಸದ್ದಿನೊಡನೆ ಹಾರಬೇಕು, ಸಣ್ಣ ಹಳದಿ ಕಿಡಿ ಸಾಲದು. ತೆರೆದ ಗಾಳಿಯಲ್ಲಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿಯೂ ಹಾರುತ್ತದೆಂಬ ಖಾತರಿಯಿಲ್ಲ. ಒತ್ತಡದ ಗಾಳಿಯನ್ನು ಭೇದಿಸಲು ಹೆಚ್ಚು ವೋಲ್ಟೇಜ್ ಬೇಕಾದ್ದರಿಂದಲೇ ಹಾದಿಯಲ್ಲಿ ಆಕ್ಸಿಲರೇಟರ್ ತಿರುವಿದಾಗ ಮಾತ್ರ ಎಂಜಿನ್ ಮುಗ್ಗರಿಸುವುದು ದುರ್ಬಲ ಕಿಡಿಯ ಲಕ್ಷಣವಾಗಿದೆ. ಪ್ಲಗ್ಗನ್ನು ಅರ್ತ್ ಮಾಡದೆ ಕಿಕ್ ಹೊಡೆಯುವುದು ತಪ್ಪು, ಏಕೆಂದರೆ ಹೊರಹೋಗಲು ದಾರಿ ಸಿಗದ ಹತ್ತಾರು ಸಾವಿರ ವೋಲ್ಟು ಕಾಯಿಲಿನ ನಿರೋಧಕ ಪದರವನ್ನೇ ಒಡೆಯಬಹುದು.

ಕಿಡಿ ಇಲ್ಲದಿದ್ದರೆ ಪ್ಲಗ್ ಕ್ಯಾಪನ್ನು ಬಿಚ್ಚಿ ಅಳೆಯಬೇಕು. ಅದರೊಳಗಿನ ರೋಧಕ ಸಾಮಾನ್ಯವಾಗಿ 5000 ಓಮ್ ಇರುತ್ತದೆ. ಅಂಕಿ ಬಹಳ ಏರಿದ್ದರೆ ಅಥವಾ ಮೀಟರ್ ಏನನ್ನೂ ತೋರದಿದ್ದರೆ ಕಡಿಮೆ ಬೆಲೆಯ ಆ ಕ್ಯಾಪೇ ಅಪರಾಧಿ. ಕ್ಯಾಪ್ ಮತ್ತು ಹೈ ಟೆನ್ಷನ್ ವೈರಿನಲ್ಲಿ ಬಿರುಕಿದ್ದರೆ ಕತ್ತಲಲ್ಲಿ ನೀರಿನ ತುಂತುರು ಸಿಂಪಡಿಸಿದಾಗ ಕಿಡಿ ಅಲ್ಲಿಂದಲೇ ಎಂಜಿನ್ನಿನ ಮೈಗೆ ಹಾರುವುದು ಕಾಣುತ್ತದೆ. ಸಿಲಿಂಡರಿಗೆ ಎರಡು ಪ್ಲಗ್ಗುಳ್ಳ ಪಲ್ಸರ್ ಮಾದರಿಗಳಲ್ಲಿ ಒಂದು ಪ್ಲಗ್ ಸತ್ತರೂ ಎಂಜಿನ್ ಓಡುತ್ತಲೇ ಇದ್ದು ಕಸುವು ಮತ್ತು ಮೈಲೇಜು ಮಾತ್ರ ಇಳಿಯುವುದರಿಂದ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು.

ಇಲ್ಲಿಂದ ಮುಂದೆ ದಾರಿ ಗಾಡಿಯ ಜಾತಿಯನ್ನು ಅವಲಂಬಿಸಿ ಕವಲೊಡೆಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾಗಳಲ್ಲಿ ಮತ್ತು ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟುಗಳಲ್ಲಿ ಇರುವುದು ಕಾಂಟ್ಯಾಕ್ಟ್ ಪಾಯಿಂಟಿನ ವ್ಯವಸ್ಥೆ. ಪಾಯಿಂಟುಗಳು ಕೂಡಿರುವಾಗ ಬ್ಯಾಟರಿಯ ವಿದ್ಯುತ್ತು ಕಾಯಿಲಿನ ಪ್ರಾಥಮಿಕ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವನ್ನು ಕಟ್ಟುತ್ತದೆ, ಕ್ಯಾಮ್ ಅವುಗಳನ್ನು ಬಿಡಿಸಿದ ಕ್ಷಣ ಆ ಕ್ಷೇತ್ರ ಕುಸಿದು ದ್ವಿತೀಯಕ ಸುರುಳಿಯಲ್ಲಿ ಕಿಡಿಗೆ ಬೇಕಾದ ಉನ್ನತ ವೋಲ್ಟೇಜ್ ಹುಟ್ಟುತ್ತದೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ, 1912ರ ಕ್ಯಾಡಿಲಾಕ್ ಕಾರಿನ ಮೂಲಕ ಬಳಕೆಗೆ ಬಂದ ಬ್ಯಾಟರಿ ಇಗ್ನಿಷನ್ನಿನ ತತ್ವ ಇದೇ. ಇದರ ಪರೀಕ್ಷೆಗೆ ಮೀಟರೊಂದೇ ಸಾಕು: ಕೀ ಹಾಕಿ, ಕಾಯಿಲಿಗೆ ವಿದ್ಯುತ್ತು ಬರುವ ತುದಿಯಲ್ಲಿ ಬ್ಯಾಟರಿಯ ವೋಲ್ಟೇಜ್ ಇದೆಯೇ ಎಂದು ಮೊದಲು ನೋಡಿ, ಬಳಿಕ ಪಾಯಿಂಟಿಗೆ ಹೋಗುವ ತುದಿಯಲ್ಲಿ ಕಡ್ಡಿಯಿಟ್ಟು ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದರೆ ಪಾಯಿಂಟ್ ಕೂಡಿದಾಗ ಸೊನ್ನೆಯೂ ಬಿಡಿಸಿಕೊಂಡಾಗ ಪೂರ್ಣ ವೋಲ್ಟೇಜೂ ತೋರಬೇಕು. ಎಷ್ಟು ತಿರುಗಿಸಿದರೂ ಪೂರ್ಣ ವೋಲ್ಟೇಜೇ ಉಳಿದರೆ ಪಾಯಿಂಟಿನ ಮುಖ ಕೊಳೆಯಾಗಿದೆ ಅಥವಾ ಅವು ಕೂಡುತ್ತಿಲ್ಲ. ಸದಾ ಸೊನ್ನೆಯೇ ಉಳಿದರೆ ಪಾಯಿಂಟಿನ ವೈರು ಮೈಗೆ ತಾಗಿದೆ, ಕಂಡೆನ್ಸರ್ ಒಳಗೆ ಶಾರ್ಟ್ ಆಗಿದೆ, ಇಲ್ಲವೇ ಕಾಯಿಲಿನ ಪ್ರಾಥಮಿಕ ಸುರುಳಿ ತುಂಡಾಗಿದೆ. ಕಂಡೆನ್ಸರ್ ದುರ್ಬಲವಾದಾಗ ಪಾಯಿಂಟುಗಳ ನಡುವೆಯೇ ದೊಡ್ಡ ಕಿಡಿ ಹಾರಿ ಅವುಗಳ ಮುಖ ಬೇಗ ಸುಟ್ಟು ಕರಕಲಾಗುತ್ತದೆ, ಆದ್ದರಿಂದ ಪದೇಪದೇ ಪಾಯಿಂಟ್ ಉಜ್ಜುವ ಬದಲು ಕಂಡೆನ್ಸರ್ ಬದಲಿಸುವುದು ವಿವೇಕ. ಬುಲೆಟ್ಟಿನಲ್ಲಿ ಪಾಯಿಂಟಿನ ಅಂತರ 0.35 ರಿಂದ 0.40 ಮಿ.ಮೀ. ಇರಬೇಕು. ಎಂಜಿನ್ ನಿಂತಿರುವಾಗ ಕೀಯನ್ನು ಹಾಕಿಯೇ ಬಿಟ್ಟರೆ ಪಾಯಿಂಟ್ ಕೂಡಿದ ಸ್ಥಿತಿಯಲ್ಲಿದ್ದಲ್ಲಿ ಕಾಯಿಲ್ ಕಾದು ಹಾಳಾಗುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯ ಕವಲು ಸಿಡಿಐ, ಅಂದರೆ ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಕಾಯಿಲಿಗೆ ಸುರಿದು ಕಿಡಿ ಹುಟ್ಟಿಸುವ ಘಟಕ. ಪಲ್ಸರ್ ಕಾಯಿಲ್ ಎಂಬ ಪುಟ್ಟ ಸಂವೇದಕ ಮ್ಯಾಗ್ನೆಟಿನ ಮೇಲಿನ ಉಬ್ಬು ತನ್ನ ಮುಂದೆ ಹಾದಾಗ ಸಿಡಿಐಗೆ ಸಂಜ್ಞೆ ಕೊಡುತ್ತದೆ. ಹಳೆಯ ಸ್ಪ್ಲೆಂಡರ್ ಮುಂತಾದವುಗಳಲ್ಲಿ ಈ ಕೆಪಾಸಿಟರನ್ನು ತುಂಬುವುದು ಸ್ಟೇಟರಿನಲ್ಲಿರುವ ಪ್ರತ್ಯೇಕ ಸುರುಳಿಯೇ ಆದ್ದರಿಂದ ಬ್ಯಾಟರಿ ಪೂರ್ತಿ ಸತ್ತಿದ್ದರೂ ಕಿಕ್ಕಿಗೆ ಎಂಜಿನ್ ಹೊತ್ತಿಕೊಳ್ಳುತ್ತದೆ. ಈ ಬಗೆಯ ಸಿಡಿಐಯಲ್ಲಿ ಕಿಲ್ ಸ್ವಿಚ್ ಅಥವಾ ಕೀಯ ಕೆಲಸ ತಲೆಕೆಳಗಾದದ್ದು: ಅದು ಮಂಡಲವನ್ನು ಕಡಿಯುವುದಿಲ್ಲ, ಸುರುಳಿಯ ವಿದ್ಯುತ್ತನ್ನು ಅರ್ತಿಗೆ ಹರಿಸಿ ಎಂಜಿನ್ನನ್ನು ನಿಲ್ಲಿಸುತ್ತದೆ. ಹಾಗಾಗಿ ಕೀ ಸ್ವಿಚ್ಚಿನೊಳಗೆ ಮಳೆನೀರು ಸೇರಿದರೆ ಅಥವಾ ಆ ವೈರಿನ ಹೊದಿಕೆ ಸವೆದು ಚಾಸಿಗೆ ತಾಗಿದರೆ ಕಿಡಿ ಮಾಯವಾಗುತ್ತದೆ, ಸಿಡಿಐ ಕೆಟ್ಟಿತೆಂಬ ತೀರ್ಪೂ ಹೊರಬೀಳುತ್ತದೆ. ಹೋಂಡಾ ಮೂಲದ ವೈರಿಂಗಿನಲ್ಲಿ ಹಸಿರು ಅರ್ತ್, ಬಿಳಿ ಗೆರೆಯ ಕಪ್ಪು ವೈರು ಕಿಲ್ ವೈರು. ಆ ಕಪ್ಪು-ಬಿಳಿ ವೈರನ್ನು ಕಪ್ಲರಿನಲ್ಲಿ ಬೇರ್ಪಡಿಸಿ ಕಿಕ್ ಮಾಡಿದಾಗ ಕಿಡಿ ಮರಳಿದರೆ ದೋಷ ಸ್ವಿಚ್ಚಿನಲ್ಲಿದೆ ಎಂದು ಅರ್ಧ ನಿಮಿಷದಲ್ಲಿ ನಿರ್ಣಯವಾಗುತ್ತದೆ. ಬ್ಯಾಟರಿಯಿಂದಲೇ ನಡೆಯುವ ಸಿಡಿಐ ಮತ್ತು ಇತರ ಎಲೆಕ್ಟ್ರಾನಿಕ್ ಇಗ್ನಿಷನ್ನುಗಳಲ್ಲಿ ಇದೇ ಪ್ರಯೋಗ ನಡೆಯದು. ಅಲ್ಲಿ ಸ್ವಿಚ್ ಮಂಡಲವನ್ನು ಕಡಿಯುವಂಥದಾದ್ದರಿಂದ ಘಟಕಕ್ಕೆ 12 ವೋಲ್ಟ್ ಮುಟ್ಟುತ್ತಿದೆಯೇ ಎಂದು ಅಳೆಯಬೇಕು.

ಸ್ವಿಚ್ ನಿರ್ದೋಷಿಯೆಂದಾದರೆ ಪಲ್ಸರ್ ಕಾಯಿಲ್, ಕೆಪಾಸಿಟರನ್ನು ತುಂಬುವ ಸುರುಳಿ ಮತ್ತು ಇಗ್ನಿಷನ್ ಕಾಯಿಲಿನ ರೋಧವನ್ನು ಆಯಾ ಮಾದರಿಯ ಸರ್ವಿಸ್ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಸಿಡಿಐ ಪೆಟ್ಟಿಗೆಯನ್ನು ಸಾಧಾರಣ ಮೀಟರಿನಿಂದ ಪರೀಕ್ಷಿಸಲು ಬಾರದು, ಅದಕ್ಕೆ ಬರುವ ಎಲ್ಲ ವೈರುಗಳೂ ಸರಿಯಿದ್ದು, ಅದರ ಅರ್ತೂ ಗಟ್ಟಿಯಿದ್ದು, ಕಿಡಿ ಮಾತ್ರ ಇಲ್ಲವೆಂದಾಗ, ಸರಿಯಿರುವುದೆಂದು ಗೊತ್ತಿರುವ ಇನ್ನೊಂದು ಪೆಟ್ಟಿಗೆಯನ್ನು ಹಾಕಿ ನೋಡುವುದೇ ಉಳಿದ ಮಾರ್ಗ. ಹೀಗಾಗಿ ಅದರ ಸರದಿ ಕೊನೆಯದು. ಕಿಡಿ ಚೆನ್ನಾಗಿದ್ದೂ ಎಂಜಿನ್ ಹೊತ್ತಿಕೊಳ್ಳದೆ ಕಿಕ್ಕರ್ ಕಾಲಿಗೆ ಹಿಮ್ಮೆಟ್ಟಿ ಹೊಡೆಯುತ್ತಿದ್ದರೆ, ಮ್ಯಾಗ್ನೆಟನ್ನು ಕ್ರ್ಯಾಂಕ್ ಶಾಫ್ಟಿಗೆ ಹಿಡಿದಿಡುವ ಅರ್ಧಚಂದ್ರಾಕಾರದ ಪುಟ್ಟ ಕೀ ಕತ್ತರಿಸಿಹೋಗಿ ಕಿಡಿಯ ಕಾಲ ತಪ್ಪಿರುವ ಸಾಧ್ಯತೆಯಿದೆ.

ಅರ್ಧ ಗಂಟೆ ಓಡಿ ಕಾದ ಮೇಲೆ ನಿಂತು, ತಣ್ಣಗಾದ ಮೇಲೆ ಏನೂ ಆಗದಂತೆ ಹೊರಡುವ ಗಾಡಿ ಎಲ್ಲರನ್ನೂ ಕಾಡುವಂಥದು, ಏಕೆಂದರೆ ಮೆಕ್ಯಾನಿಕ್ ಬಳಿಗೆ ಬರುವಷ್ಟರಲ್ಲಿ ದೋಷ ಅಳಿಸಿಹೋಗಿರುತ್ತದೆ. ಶಾಖಕ್ಕೆ ಹಿಗ್ಗಿದಾಗ ಸುರುಳಿಯ ತಂತಿಯಲ್ಲಿನ ಕೂದಲೆಳೆಯ ಬಿರುಕು ಬಾಯಿ ಬಿಡುವುದೇ ಇದಕ್ಕೆ ಕಾರಣ. ಪಲ್ಸರ್ ಕಾಯಿಲ್ ಮತ್ತು ಇಗ್ನಿಷನ್ ಕಾಯಿಲ್ ಮುಖ್ಯ ಶಂಕಿತರು. ಮೀಟರನ್ನು ಸುರುಳಿಗೆ ಜೋಡಿಸಿಟ್ಟು ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿದಾಗ ಅಂಕಿ ಮೆಲ್ಲಗೆ ಏರುವುದು ಸಹಜ, ಹಠಾತ್ತನೆ ಅನಂತಕ್ಕೆ ಜಿಗಿಯುವುದು ದೋಷ.

ಫ್ಯೂಸ್ ಮತ್ತು ಇಂಜೆಕ್ಷನ್

ಫ್ಯೂಸ್ ಮತ್ತೆಮತ್ತೆ ಹೋಗುತ್ತಿದ್ದರೆ ಹೆಚ್ಚು ಆಂಪಿಯರಿನದನ್ನು ಹಾಕುವುದಾಗಲಿ ಸಿಗರೇಟಿನ ಬೆಳ್ಳಿಕಾಗದ ಸುತ್ತುವುದಾಗಲಿ ವೈರಿಂಗಿಗೇ ಬೆಂಕಿ ಇಟ್ಟಂತೆ. ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಬಲ್ಬನ್ನು ಸೇರಿಸಿದರೆ ಶಾರ್ಟ್ ಇರುವಷ್ಟು ಹೊತ್ತೂ ಅದು ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆ, ವಿದ್ಯುತ್ತು ಎರಡು ಆಂಪಿಯರನ್ನು ಮೀರದು. ಆಗ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದಾಗ ಬಲ್ಬು ಆರುವ ಅಥವಾ ಮಂಕಾಗುವ ಕವಲಿನಲ್ಲಿ ದೋಷವಿದೆ. ಹ್ಯಾಂಡಲ್ ತಿರುಗುವಾಗ ವೈರುಗಳು ಮಡಚಿಕೊಳ್ಳುವ ಕುತ್ತಿಗೆಯ ಭಾಗ, ಪೆಟ್ರೋಲ್ ಟ್ಯಾಂಕಿನ ಅಡಿ, ಹಿಂದಿನ ಮಡ್‌ಗಾರ್ಡಿನ ಒಳಮೈ, ಮತ್ತು ಇಲಿಗಳ ಕಾಟವಿರುವ ಕಡೆ ಸೀಟಿನ ಕೆಳಭಾಗ ಮೊದಲು ನೋಡಬೇಕಾದ ಜಾಗಗಳು.

2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್-6 ನಿಯಮದ ನಂತರದ ಗಾಡಿಗಳಲ್ಲಿ ಕಾರ್ಬುರೇಟರಿನ ಸ್ಥಾನವನ್ನು ಬಹುಪಾಲು ಇಂಜೆಕ್ಷನ್ ಪಡೆದಿರುವುದರಿಂದ ಕಿಡಿ ಮತ್ತು ಪೆಟ್ರೋಲು ಎರಡೂ ಒಂದೇ ಎಲೆಕ್ಟ್ರಾನಿಕ್ ಘಟಕದ ಹಿಡಿತಕ್ಕೆ ಬಂದಿವೆ. ಕೀ ಹಾಕಿದ ಕೂಡಲೇ ಟ್ಯಾಂಕಿನೊಳಗಿನ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಡುವ ಸದ್ದು ಕೇಳಬೇಕು, ಎಂಜಿನ್ ಚಿಹ್ನೆಯ ಹಳದಿ ದೀಪ ಹೊತ್ತಿ, ಎಂಜಿನ್ ಓಡಲಾರಂಭಿಸಿದ ಮೇಲೆ ಆರಬೇಕು; ಸದ್ದಿಲ್ಲದಿದ್ದರೆ ಕಿಲ್ ಸ್ವಿಚ್, ಫ್ಯೂಸ್, ಪಂಪಿನ ರಿಲೇ ಮತ್ತು ಗಾಡಿ ಬಿದ್ದಾಗ ಎಂಜಿನ್ ನಿಲ್ಲಿಸುವ ಸಂವೇದಕವನ್ನು ನೋಡಬೇಕು. ದೀಪ ಆರದಿದ್ದರೆ ಘಟಕ ದಾಖಲಿಸಿಟ್ಟ ದೋಷಸಂಕೇತವನ್ನು ಸ್ಕ್ಯಾನರಿನಿಂದ ಓದಬಹುದು, ಆದರೆ ಒಂದು ಸಂವೇದಕದ ಹೆಸರನ್ನು ಸಂಕೇತ ಹೇಳಿತೆಂದರೆ ಅದೇ ಕೆಟ್ಟಿದೆ ಎಂದಲ್ಲ, ಅದರ ಮಂಡಲದಲ್ಲಿ, ಎಂದರೆ ಅದರ ವೈರು, ಕಪ್ಲರ್ ಅಥವಾ ಅರ್ತಿನಲ್ಲಿಯೂ ದೋಷವಿರಬಹುದು. ಬ್ಯಾಟರಿ ಪೂರ್ತಿ ಸತ್ತ ಇಂಜೆಕ್ಷನ್ ಗಾಡಿ ತಳ್ಳಿದರೂ ಸಾಮಾನ್ಯವಾಗಿ ಹೊರಡದು, ಪಂಪಿಗೂ ಘಟಕಕ್ಕೂ ಬೇಕಾದ ವೋಲ್ಟೇಜ್ ಆಗ ಇರುವುದಿಲ್ಲ. ಕಾರಿನ ಬ್ಯಾಟರಿಯಿಂದ ವೈರು ಎಳೆದು ಎಬ್ಬಿಸಬೇಕಾದಲ್ಲಿ ಕಾರಿನ ಎಂಜಿನ್ ಬಂದ್ ಆಗಿರಬೇಕು, ಧನಕ್ಕೆ ಧನವನ್ನು ಮೊದಲು ಸೇರಿಸಿ, ಋಣದ ವೈರಿನ ಕೊನೆಯ ತುದಿಯನ್ನು ಬೈಕಿನ ಬ್ಯಾಟರಿಗೆ ಕಚ್ಚಿಸದೆ ಅದರಿಂದ ದೂರದ, ಬಣ್ಣವಿಲ್ಲದ ಲೋಹದ ಭಾಗಕ್ಕೆ ಕಚ್ಚಿಸಬೇಕು.